ಸಹಕಾರ ಸಂಘ ತನ್ನ ಸ್ವರೂಪ ಕೆಡದಂತೆ ಬಂಡವಾಳ ಹೊಂದಿಸಿಕೊಳ್ಳುವುದು ಹೇಗೆ

ಸಹಕಾರ ಸಂಘವೊಂದು ವ್ಯವಹಾರ ವಿಸ್ತರಿಸಲು ಹೊರಟಾಗ ಆಡಳಿತ ಮಂಡಳಿಯ ಸಭೆಯಲ್ಲಿ ಸಾಮಾನ್ಯವಾಗಿ ಮೊದಲು ಏಳುವ ಪ್ರಶ್ನೆ, ಸಾಲ ಎಷ್ಟು ಬಡ್ಡಿಗೆ ಸಿಗುತ್ತದೆ ಎಂಬುದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಬರುವ ಹಣ ಸಂಘದಿಂದ ಯಾವ ಹಕ್ಕನ್ನು ಕೇಳುತ್ತದೆ? ಬಡ್ಡಿಯನ್ನಷ್ಟೇ ಕೇಳುವ ಹಣವಿದೆ, ಆಸ್ತಿಯ ಮೇಲೆ ಹಿಡಿತ ಕೇಳುವ ಹಣವಿದೆ, ಸಭೆಯಲ್ಲಿ ಮತ ಕೇಳುವ ಹಣವೂ ಇದೆ. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ನಿಯಮದ ಮೇಲೆ ನಿಂತ ಸಂಸ್ಥೆಗೆ ಈ ಕೊನೆಯ ಬಗೆಯ ಹಣ ಎಷ್ಟೇ ಸುಲಭವಾಗಿ ಸಿಕ್ಕರೂ ದುಬಾರಿಯೇ ಆಗುತ್ತದೆ. ಸಹಕಾರ ಸಂಘಗಳಿಗೆಂದೇ ರೂಪುಗೊಂಡ ಹಣಕಾಸು ಸಂಸ್ಥೆಗಳು, ಅಂದರೆ ಸಹಕಾರ ಬ್ಯಾಂಕುಗಳು, ಮಹಾಮಂಡಳಗಳ ಅಭಿವೃದ್ಧಿ ನಿಧಿಗಳು, ಸಾಲ ಖಾತರಿ ನಿಧಿಗಳು ಮತ್ತು ದೀರ್ಘಕಾಲ ಕಾಯಲು ಒಪ್ಪುವ ಬಂಡವಾಳ ನಿಧಿಗಳು ಹುಟ್ಟಿಕೊಂಡದ್ದೇ ಈ ಕಾರಣಕ್ಕೆ. ಅವುಗಳನ್ನು ಹೇಗೆ ಗುರುತಿಸಬೇಕು, ಅವುಗಳ ಮುಂದೆ ಯಾವ ಸಿದ್ಧತೆಯೊಂದಿಗೆ ಹೋಗಬೇಕು, ಹಣ ಬಂದ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ನಿರ್ದೇಶಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ಸಾಮಾನ್ಯ ಬ್ಯಾಂಕು ಎಲ್ಲಿ ಎಡವುತ್ತದೆ

ಸಹಕಾರ ಸಂಘದ ಲೆಕ್ಕಪತ್ರವನ್ನು ಕಂಪನಿಯ ಲೆಕ್ಕಪತ್ರದಂತೆ ಓದಿದರೆ ತಪ್ಪು ಅರ್ಥ ಬರುತ್ತದೆ. ಉತ್ಪಾದಕರ ಸಂಘವೊಂದು ತನ್ನ ಸದಸ್ಯರಿಂದ ಸರಕನ್ನು ಪೇಟೆಯ ದರಕ್ಕಿಂತ ಹೆಚ್ಚು ದರಕ್ಕೆ ಕೊಂಡಿದ್ದರೆ ವರ್ಷದ ಕೊನೆಯಲ್ಲಿ ಅದರ ಲಾಭ ತೀರ ಕಡಿಮೆ ಕಾಣುತ್ತದೆ. ಕಂಪನಿಗಳ ಅಳತೆಗೋಲಿಗೆ ಒಗ್ಗಿಹೋದ ಸಾಲಾಧಿಕಾರಿ ಇದನ್ನು ದುರ್ಬಲ ವ್ಯವಹಾರವೆಂದು ಬರೆದುಕೊಳ್ಳುತ್ತಾರೆ. ವಾಸ್ತವದಲ್ಲಿ ಸಂಘ ತನ್ನ ಉದ್ದೇಶವನ್ನೇ ನೆರವೇರಿಸಿರುತ್ತದೆ. ಲಾಭವು ಲೆಕ್ಕಪುಸ್ತಕದಲ್ಲಿ ಉಳಿಯದೆ ಸದಸ್ಯರ ಕೈಗೆ ದರದ ರೂಪದಲ್ಲಿ ಆಗಲೇ ತಲುಪಿರುತ್ತದೆ.

ಎರಡನೆಯ ತೊಡಕು ಷೇರಿನದು. ಸಂಘದ ಷೇರನ್ನು ಪೇಟೆಯಲ್ಲಿ ಮಾರಲಾಗದು, ಅದರ ಬೆಲೆ ಏರದು, ಅದಕ್ಕೆ ಕೊಡುವ ಲಾಭಾಂಶಕ್ಕೂ ಮಿತಿಯಿರುತ್ತದೆ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ 28 ಮಂದಿ ಸೇರಿ ಕಟ್ಟಿದ ಸಂಘದಿಂದಲೇ ಬಂದ ಪದ್ಧತಿಯಿದು: ಬಂಡವಾಳಕ್ಕೆ ಮಿತವಾದ ಬಡ್ಡಿ, ಉಳಿದ ಹೆಚ್ಚುವರಿಯು ಸದಸ್ಯರು ಮಾಡಿದ ವ್ಯವಹಾರಕ್ಕೆ ಅನುಗುಣವಾಗಿ ಹಂಚಿಕೆ. ಹೂಡಿಕೆಯ ದೃಷ್ಟಿಯಿಂದ ನೋಡುವವರಿಗೆ ಇದರಲ್ಲಿ ಆಕರ್ಷಣೆಯಿಲ್ಲ. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು 1995ರಲ್ಲಿ ಪ್ರಕಟಿಸಿದ ಏಳು ತತ್ತ್ವಗಳಲ್ಲಿ ಮೂರನೆಯದು, ಬಂಡವಾಳದ ಕನಿಷ್ಠ ಒಂದು ಭಾಗವಾದರೂ ಸಂಘದ ಸಾಮೂಹಿಕ ಸ್ವತ್ತಾಗಿರಬೇಕೆಂದು ಹೇಳುತ್ತದೆ. ಹಲವು ಕಡೆ ಇಂಥ ಮೀಸಲು ನಿಧಿಯನ್ನು ಸಂಘ ಮುಚ್ಚಿದಾಗಲೂ ಸದಸ್ಯರು ಹಂಚಿಕೊಳ್ಳುವಂತಿಲ್ಲ.

ಇವೆಲ್ಲದರ ಪರಿಣಾಮವಾಗಿ ಸಾಮಾನ್ಯ ಬ್ಯಾಂಕು ಕೊನೆಗೆ ಹಿಡಿಯುವ ದಾರಿ ಒಂದೇ, ಅದು ನಿರ್ದೇಶಕರ ವೈಯಕ್ತಿಕ ಜಾಮೀನು. ಇದನ್ನು ಒಪ್ಪುವ ಮೊದಲು ಹತ್ತು ಸಲ ಯೋಚಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ತನ್ನ ಮನೆಯನ್ನು ಒತ್ತೆಯಿಟ್ಟ ನಿರ್ದೇಶಕ ಮುಂದೆ ಪ್ರತಿ ಸಭೆಯಲ್ಲಿಯೂ ಆ ಮನೆಯನ್ನು ಉಳಿಸಿಕೊಳ್ಳುವ ಚಿಂತೆಯಲ್ಲೇ ಮಾತನಾಡುತ್ತಾನೆ. ಜಾಮೀನು ಕೊಡಲು ಶಕ್ತಿಯಿಲ್ಲದ ಸದಸ್ಯರು ಚುನಾವಣೆಗೆ ನಿಲ್ಲುವುದನ್ನೇ ಬಿಡುತ್ತಾರೆ.

ವಿಶೇಷ ಸಂಸ್ಥೆಗಳು ಬೇರೆ ರೀತಿ ನೋಡುವುದು ಏಕೆ

ಜರ್ಮನಿಯಲ್ಲಿ ರೈಫೈಸನ್ 1864ರಲ್ಲಿ ಗ್ರಾಮೀಣ ಸಾಲ ಸಂಘವನ್ನು ಕಟ್ಟಿದಾಗ ಸದಸ್ಯರ ಬಳಿ ಒತ್ತೆಯಿಡಲು ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ಎಲ್ಲರೂ ಎಲ್ಲರ ಸಾಲಕ್ಕೆ ಹೊಣೆ ಎಂಬ ಕಟ್ಟುಪಾಡು ಆ ಕೊರತೆಯನ್ನು ತುಂಬಿತು. ನೆರೆಯವರು ಒಬ್ಬರನ್ನೊಬ್ಬರು ಬಲ್ಲರು ಎಂಬುದೇ ಅಲ್ಲಿನ ಭದ್ರತೆ. ಇಂದಿನ ವಿಶೇಷ ಹಣಕಾಸು ಸಂಸ್ಥೆಗಳು ಅಪರಿಮಿತ ಹೊಣೆಯನ್ನು ಕೇಳುವುದಿಲ್ಲವಾದರೂ ಅದೇ ಒಳನೋಟವನ್ನು ಉಳಿಸಿಕೊಂಡಿವೆ: ಸದಸ್ಯರು ಸಂಘದೊಂದಿಗೆ ಎಷ್ಟು ಬಿಗಿಯಾಗಿ ವ್ಯವಹರಿಸುತ್ತಾರೆ ಎಂಬುದನ್ನು ಅವು ಆಸ್ತಿಯಷ್ಟೇ ಮುಖ್ಯವಾದ ಭದ್ರತೆಯೆಂದು ಎಣಿಸುತ್ತವೆ.

ಸ್ಪೇನಿನ ಮಾಂಡ್ರಗಾನ್ ಪಟ್ಟಣ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ. ಅಲ್ಲಿ ಮೊದಲ ಕಾರ್ಮಿಕ ಸಹಕಾರಿ ಕಾರ್ಖಾನೆ 1956ರಲ್ಲಿ ಆರಂಭವಾಯಿತು. ಮೂರೇ ವರ್ಷಗಳಲ್ಲಿ, 1959ರಲ್ಲಿ, ಅದರ ಪ್ರೇರಕ ಪಾದ್ರಿ ಅರಿಸ್ಮೆಂಡಿಯರಿಯೆಟಾ ಅವರ ಒತ್ತಾಸೆಯಿಂದ ಕಾಹಾ ಲಬೊರಾಲ್ ಎಂಬ ಬ್ಯಾಂಕು ಸ್ಥಾಪನೆಯಾಯಿತು. ಜನರ ಉಳಿತಾಯವನ್ನು ಠೇವಣಿಯಾಗಿ ಪಡೆದು ಹೊಸ ಸಹಕಾರಿ ಉದ್ಯಮಗಳಿಗೆ ಸಾಲವಾಗಿ ಕೊಡುವುದರ ಜೊತೆಗೆ ಆ ಬ್ಯಾಂಕು ಉದ್ಯಮ ವಿಭಾಗವೊಂದನ್ನು ಇಟ್ಟುಕೊಂಡು, ಹೊಸ ಕಾರ್ಖಾನೆಯ ಯೋಜನೆ ಕಾರ್ಯಸಾಧ್ಯವೇ ಎಂದು ಸ್ಥಾಪಕರೊಂದಿಗೇ ಕುಳಿತು ಅಧ್ಯಯನ ಮಾಡುತ್ತಿತ್ತು. ಹಣ ಮತ್ತು ಸಲಹೆ ಒಂದೇ ಬಾಗಿಲಿನಿಂದ ಬಂದದ್ದರಿಂದ ಅಲ್ಲಿ ಸಹಕಾರಿ ಉದ್ಯಮಗಳ ಗುಂಪೇ ಬೆಳೆಯಿತು. ಆದರೆ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಇದೇ ಗುಂಪಿನ ಗೃಹೋಪಯೋಗಿ ಯಂತ್ರಗಳ ಕಂಪನಿ ಫಾಗೋರ್ 2013ರಲ್ಲಿ ದಿವಾಳಿಯಾಯಿತು. ಸೋದರ ಸಂಘಗಳು ಬಹಳ ಕಾಲ ಕೈಹಿಡಿದ ಬಳಿಕ ಇನ್ನು ಹಣ ಹಾಕಲಾಗದು ಎಂದು ನಿರ್ಧರಿಸಿದವು. ವಿಶೇಷ ಹಣಕಾಸು ತಾಳ್ಮೆಯಿಂದ ಕಾಯುತ್ತದೆ, ಆದರೆ ನಡೆಯದ ವ್ಯವಹಾರವನ್ನು ಕೊನೆಯಿಲ್ಲದೆ ಹೊತ್ತುಕೊಳ್ಳುವುದಿಲ್ಲ.

ಇಟಲಿಯವರು ಇನ್ನೊಂದು ದಾರಿ ಹಿಡಿದರು. 1992ರ ಕಾನೂನಿನಂತೆ ಅಲ್ಲಿನ ಸಹಕಾರ ಸಂಘಗಳು ತಮ್ಮ ವಾರ್ಷಿಕ ಲಾಭದ ಶೇಕಡಾ 3ರಷ್ಟನ್ನು ಸಹಕಾರ ಚಳವಳಿಯ ಅಭಿವೃದ್ಧಿ ನಿಧಿಗೆ ಕೊಡಬೇಕು. ಲಾಭದಲ್ಲಿರುವ ಸಂಘದ ಹಣ ಹೀಗೆ ಹೊಸ ಸಂಘದ ಬಂಡವಾಳವಾಗುತ್ತದೆ. ಅದಕ್ಕೂ ಮೊದಲು, 1985ರಲ್ಲಿ ಬಂದ ಮಾರ್ಕೋರಾ ಕಾನೂನು, ಮುಚ್ಚುವ ಸ್ಥಿತಿಗೆ ಬಂದ ಕಾರ್ಖಾನೆಯನ್ನು ಅದರ ಕೆಲಸಗಾರರೇ ಸಹಕಾರಿಯಾಗಿ ಕೊಂಡು ನಡೆಸಲು ಬಂಡವಾಳ ಒದಗಿಸುವ ವ್ಯವಸ್ಥೆ ಮಾಡಿತು. ಅಮೆರಿಕದಲ್ಲಿ 1978ರ ಕಾನೂನಿನಿಂದ ಹುಟ್ಟಿದ ಸಹಕಾರ ಬ್ಯಾಂಕು 1981ರಲ್ಲಿ ಸರ್ಕಾರದ ಕೈಬಿಟ್ಟು ಸಾಲಗಾರ ಸಂಘಗಳ ಸ್ವಂತ ಬ್ಯಾಂಕಾಯಿತು. ಇಂಥ ಬ್ಯಾಂಕಿನಲ್ಲಿ ಸಾಲ ಪಡೆಯುವ ಸಂಘ ಅದರ ಸದಸ್ಯನೂ ಆಗಿರುತ್ತದೆ, ವರ್ಷದ ಕೊನೆಯಲ್ಲಿ ಬ್ಯಾಂಕಿನ ಹೆಚ್ಚುವರಿಯಲ್ಲಿ ಪಾಲನ್ನೂ ಪಡೆಯಬಹುದು. ಆದ್ದರಿಂದ ಬಡ್ಡಿಯನ್ನು ಹೋಲಿಸುವಾಗ ಕಾಗದದ ಮೇಲಿನ ದರದಿಂದ ಹೀಗೆ ಹಿಂದಿರುಗುವ ಪಾಲನ್ನು ಕಳೆದು, ಸದಸ್ಯತ್ವಕ್ಕಾಗಿ ಕೊಳ್ಳಬೇಕಾದ ಷೇರಿನ ಹೊರೆಯನ್ನು ಸೇರಿಸಿ ನೋಡಬೇಕು.

ಮೊದಲ ಕೆಲಸ: ಬೈಲಾದ ಒಂದು ಕಲಮನ್ನು ಓದುವುದು

ಸಾಲದ ಅರ್ಜಿ ಬರೆಯುವ ಮುನ್ನ ಸಂಘದ ಬೈಲಾದಲ್ಲಿ ಷೇರು ಹಣ ಹಿಂದಿರುಗಿಸುವ ಕಲಮನ್ನು ತೆಗೆದು ಓದಿ. ಸದಸ್ಯ ರಾಜೀನಾಮೆ ಕೊಟ್ಟ ಕೂಡಲೇ ಷೇರು ಹಣ ಕೊಡಲೇಬೇಕು ಎಂದು ಅದರಲ್ಲಿ ಬರೆದಿದ್ದರೆ ಆ ಹಣ ಬಂಡವಾಳವೆಂದು ನೀವು ತಿಳಿದಿದ್ದರೂ ಸಾಲ ಕೊಡುವವರು ಹಾಗೆ ತಿಳಿಯುವುದಿಲ್ಲ. 2004ರಲ್ಲಿ ಪ್ರಕಟವಾದ ಐಎಫ್‌ಆರ್‌ಐಸಿ 2 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ವ್ಯಾಖ್ಯಾನವು ಈ ವಿಷಯಕ್ಕೆಂದೇ ಬಂದದ್ದು. ಷೇರು ಹಣದ ವಾಪಸಾತಿಯನ್ನು ನಿರಾಕರಿಸುವ ಬೇಷರತ್ತಾದ ಹಕ್ಕು ಸಂಘಕ್ಕಿದ್ದರೆ, ಅಥವಾ ವಾಪಸಾತಿಯನ್ನು ಕಾನೂನು ಇಲ್ಲವೇ ಬೈಲಾ ಬೇಷರತ್ತಾಗಿ ನಿಷೇಧಿಸಿದ್ದರೆ ಆ ಷೇರುಗಳು ಬಂಡವಾಳವೆನಿಸುತ್ತವೆ. ಇಲ್ಲವಾದರೆ ಅವು ಸಾಮಾನ್ಯವಾಗಿ ಹೊಣೆಗಾರಿಕೆಯ ಕಡೆಗೆ ಹೋಗುತ್ತವೆ. ನಿಷೇಧವನ್ನು ಪೂರ್ತಿಯಾಗಿ ಹಾಕಬೇಕಿಲ್ಲ. ಒಟ್ಟು ಷೇರು ಬಂಡವಾಳ ಇಂತಿಷ್ಟು ಮೊತ್ತಕ್ಕಿಂತ ಕೆಳಗಿಳಿಯುವಂತೆ ವಾಪಸು ಕೊಡಕೂಡದು ಎಂದು ಬರೆದರೆ ಅಷ್ಟು ಮೊತ್ತ ಬಂಡವಾಳವಾಗಿ ನಿಲ್ಲುತ್ತದೆ.

ಈ ಒಂದು ಸಾಲಿನ ವ್ಯತ್ಯಾಸದಿಂದ ಒಂದೇ ಸಂಘದ ಅಢಾವೆ ಪತ್ರಿಕೆ, ಅಂದರೆ ಆಸ್ತಿ ಮತ್ತು ಹೊಣೆಗಳ ಪಟ್ಟಿ, ಗಟ್ಟಿಯಾಗಿಯೂ ಕಾಣಬಹುದು, ಪೊಳ್ಳಾಗಿಯೂ ಕಾಣಬಹುದು. ತಿದ್ದುಪಡಿಗೆ ಮಹಾಸಭೆಯ ಒಪ್ಪಿಗೆ, ನೋಂದಣಿ ಪ್ರಾಧಿಕಾರದ ಮಂಜೂರಾತಿ ಎಲ್ಲ ಬೇಕಾಗಬಹುದಾದ್ದರಿಂದ ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಎಲ್ಲಕ್ಕಿಂತ ಮುಂಚೆ ಇದನ್ನು ಆರಂಭಿಸಬೇಕೆಂದು ಹೇಳುವುದು ಅದಕ್ಕಾಗಿಯೇ. ಸದಸ್ಯರಿಗೆ ವಿಷಯವನ್ನು ಬಿಡಿಸಿ ಹೇಳಿ: ಈ ತಿದ್ದುಪಡಿಯಿಂದ ಹಣ ಮುಳುಗುವುದಿಲ್ಲ, ಆದರೆ ಬೇಕೆಂದ ದಿನವೇ ಸಿಗುವುದೂ ಇಲ್ಲ. ವಯಸ್ಸಾಗಿ ವ್ಯವಹಾರ ನಿಲ್ಲಿಸಿದವರಿಗೆ ಮತ್ತು ಮೃತ ಸದಸ್ಯರ ವಾರಸುದಾರರಿಗೆ ಸರದಿಯಂತೆ ಹಿಂದಿರುಗಿಸುವ ನಿಧಿಯೊಂದನ್ನು ಬೇರೆಯಾಗಿ ಇಟ್ಟರೆ ವಿರೋಧ ಬಹಳಮಟ್ಟಿಗೆ ಕರಗುತ್ತದೆ.

ಬೇಕಾದ ಹಣವನ್ನು ಅದರ ಆಯಸ್ಸಿನ ಪ್ರಕಾರ ವಿಂಗಡಿಸುವುದು

ಇಪ್ಪತ್ತು ವರ್ಷ ಬಾಳುವ ಕಟ್ಟಡವನ್ನು ಒಂದು ವರ್ಷದ ಸಾಲದಿಂದ ಕಟ್ಟಕೂಡದು. ಮೂರು ತಿಂಗಳಲ್ಲಿ ಮಾರಾಟವಾಗುವ ಸರಕನ್ನು ಹತ್ತು ವರ್ಷದ ಸಾಲದಿಂದ ಕೊಳ್ಳಕೂಡದು. ಎಲ್ಲರೂ ಬಲ್ಲ ಈ ಮಾತನ್ನು ಯಾರೂ ಪಾಲಿಸದಿರುವುದಕ್ಕೆ ಕಾರಣ, ಸುಲಭವಾಗಿ ಸಿಕ್ಕ ಹಣವನ್ನೇ ಎಲ್ಲದಕ್ಕೂ ಬಳಸುವ ಆತುರ.

ಒಂದು ಕಲ್ಪಿತ ಸಂಘವನ್ನು ತೆಗೆದುಕೊಳ್ಳೋಣ. ಬೆಳೆಗಾರರ ಸಂಘವೊಂದು ಶೀತಲಗೃಹ ಕಟ್ಟಬೇಕೆಂದಿದೆ. ಕಟ್ಟಡ ಮತ್ತು ಯಂತ್ರಗಳಿಗೆ 100 ಪಾಲು ಹಣ, ಸರಕು ಕೊಂಡಿಡಲು ದುಡಿಯುವ ಬಂಡವಾಳ 20 ಪಾಲು, ಒಟ್ಟು 120 ಪಾಲು ಬೇಕು ಎಂದಿಟ್ಟುಕೊಳ್ಳಿ. ಇದರಲ್ಲಿ 25 ಪಾಲನ್ನು ಸದಸ್ಯರು ಹೆಚ್ಚುವರಿ ಷೇರಿನ ಮೂಲಕ ಕೊಡುತ್ತಾರೆ. 15 ಪಾಲು ಮೀಸಲು ನಿಧಿಯಿಂದ ಬರುತ್ತದೆ. 55 ಪಾಲು ಸಹಕಾರ ಬ್ಯಾಂಕಿನ ಹತ್ತು ವರ್ಷದ ಅವಧಿ ಸಾಲ. ಮೊದಲ ವರ್ಷ ಬಡ್ಡಿ ಮಾತ್ರ, ಅಸಲಿಗೆ ವಿರಾಮ. 15 ಪಾಲು ಅಭಿವೃದ್ಧಿ ನಿಧಿಯೊಂದರ ದೀರ್ಘ ತಾಳ್ಮೆಯ ಬಂಡವಾಳ. ಉಳಿದ 10 ಪಾಲು ಋತುವಿಗೆ ತಕ್ಕಂತೆ ಏರಿಳಿಯುವ ನಗದು ಸಾಲದ ಮಿತಿ.

ಇಲ್ಲಿ ಆ 15 ಪಾಲಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ವಿಶೇಷ ಹಣಕಾಸಿನ ತಿರುಳು ಇರುವುದು ಅಲ್ಲಿ. ಸಂಘ ತೊಂದರೆಗೆ ಸಿಕ್ಕಿದರೆ ಈ ಹಣಕ್ಕೆ ಬ್ಯಾಂಕಿನ ಸಾಲ ತೀರಿದ ಮೇಲಷ್ಟೇ ಸರದಿ ಬರುತ್ತದೆ. ಹಾಗಾಗಿ ಬ್ಯಾಂಕು ಇದನ್ನು ಹೆಚ್ಚುಕಡಿಮೆ ಸ್ವಂತ ಬಂಡವಾಳದಂತೆ ಎಣಿಸಿ 55 ಪಾಲು ಸಾಲ ಕೊಡಲು ಧೈರ್ಯ ಮಾಡುತ್ತದೆ. ಆದರೆ ಇದಕ್ಕೆ ಮಹಾಸಭೆಯಲ್ಲಿ ಮತವಿರುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಸಹಕಾರ ಸಂಘ, ಲಾಭರಹಿತ ಸಂಸ್ಥೆಯಂಥ ಸಾಮಾಜಿಕ ಆರ್ಥಿಕತೆಯ ಸಂಸ್ಥೆಗಳಿಗಾಗಿ 2007ರಲ್ಲಿ ಆರಂಭವಾದ ನಿಧಿಯೊಂದು ಅಸಲಿನ ಮರುಪಾವತಿಗೆ 15 ವರ್ಷಗಳ ವಿರಾಮ ಕೊಡುವ ಕ್ರಮವನ್ನೇ ಇಟ್ಟುಕೊಂಡಿದೆ. ಇಟಲಿಯ ಕಾನೂನಿನಲ್ಲಿ ಹಣ ಹೂಡುವ ಸದಸ್ಯರೆಂಬ ಪ್ರತ್ಯೇಕ ವರ್ಗಕ್ಕೆ ಅವಕಾಶವಿದ್ದು, ಅವರ ಮತಗಳಿಗೆ ಮಿತಿ ಹಾಕಲಾಗಿದೆ. ಇಂಥ ಹಣ ಒಪ್ಪಂದದ ಮೂಲಕ ಬರುವಾಗ ಓದಬೇಕಾದದ್ದು ಒಪ್ಪಂದದ ಕೊನೆಯ ಪುಟಗಳನ್ನು: ಕಂತು ತಪ್ಪಿದರೆ ಮಂಡಳಿಯಲ್ಲಿ ಸ್ಥಾನ ಕೊಡಬೇಕೇ, ಬೈಲಾ ತಿದ್ದಲು ಅವರ ಒಪ್ಪಿಗೆ ಬೇಕೇ, ಸಾಲವನ್ನು ಮತದ ಹಕ್ಕಿರುವ ಷೇರಾಗಿ ಬದಲಿಸುವ ಅವಕಾಶ ಅವರಿಗಿದೆಯೇ? ಈ ಮೂರರಲ್ಲಿ ಕೊನೆಯದನ್ನು ನಾನಂತೂ ಯಾವ ಕಾರಣಕ್ಕೂ ಒಪ್ಪಬಾರದೆನ್ನುತ್ತೇನೆ.

ಸದಸ್ಯರ ಪಾಲನ್ನು ಮೊದಲು ಬರೆದದ್ದು ಸುಮ್ಮನೆ ಅಲ್ಲ. ಹೊರಗಿನವರು ಕೇಳುವ ಮೊದಲ ಪ್ರಶ್ನೆಯೇ ನಿಮ್ಮ ಸದಸ್ಯರು ಎಷ್ಟು ಹಾಕಿದ್ದಾರೆ ಎಂಬುದು. ಎಲ್ಲರಿಂದಲೂ ಸಮನಾಗಿ ಕೇಳಿದರೆ ಸಣ್ಣವರಿಗೆ ಭಾರವಾಗುತ್ತದೆ. ಬಳಕೆಗೆ ಅನುಗುಣವಾಗಿ, ಅಂದರೆ ಶೀತಲಗೃಹದಲ್ಲಿ ಎಷ್ಟು ಸರಕು ಇಡುವರೋ ಅದಕ್ಕೆ ತಕ್ಕಂತೆ ಷೇರು ಕೊಳ್ಳುವ ಕ್ರಮ ನ್ಯಾಯವಾದದ್ದು. ಒಮ್ಮೆಲೇ ಕೊಡಲಾಗದವರಿಗೆ ಸರಕಿನ ಬಟವಾಡೆಯಿಂದ ಸಣ್ಣ ಮೊತ್ತವನ್ನು ಪ್ರತಿ ಬಾರಿ ಮುರಿದುಕೊಳ್ಳಬಹುದು, ಆದರೆ ಅದಕ್ಕೆ ಲಿಖಿತ ಒಪ್ಪಿಗೆ ಇರಬೇಕು ಮತ್ತು ಪ್ರತಿ ರಸೀದಿಯಲ್ಲೂ ಆ ಮೊತ್ತ ಕಾಣಬೇಕು.

ಕಂತು ಕಟ್ಟಲು ಎಷ್ಟು ಸರಕು ಬರಬೇಕು

ಯೋಜನಾ ವರದಿಗಳಲ್ಲಿ ಲಾಭದ ಅಂದಾಜು ಇದ್ದೇ ಇರುತ್ತದೆ. ಅದಕ್ಕಿಂತ ಉಪಯುಕ್ತವಾದ ಲೆಕ್ಕವೊಂದನ್ನು ಅರ್ಧ ಗಂಟೆಯಲ್ಲಿ ಒಂದು ಹಾಳೆಯ ಮೇಲೆ ಮಾಡಬಹುದು. ಮೇಲಿನ ಸಂಘಕ್ಕೆ ವರ್ಷಕ್ಕೆ 40 ಪಾಲು ಆದಾಯ ಬರುತ್ತದೆ ಎಂದುಕೊಳ್ಳಿ. ಸರಕಿನ ಪ್ರಮಾಣದೊಂದಿಗೆ ಏರಿಳಿಯುವ ಖರ್ಚು 10 ಪಾಲು. ಸರಕು ಬಂದರೂ ಬಾರದಿದ್ದರೂ ತಪ್ಪದ ಸಂಬಳ, ವಿಮೆ, ನಿರ್ವಹಣೆಯಂಥ ಸ್ಥಿರ ಖರ್ಚು 16 ಪಾಲು. ಉಳಿಯುವುದು 14 ಪಾಲು. ವರ್ಷದ ಕಂತು ಮತ್ತು ಬಡ್ಡಿ ಸೇರಿ 11 ಪಾಲು. ಹದಿನಾಲ್ಕನ್ನು ಹನ್ನೊಂದರಿಂದ ಭಾಗಿಸಿದರೆ ಸುಮಾರು 1.27 ಬರುತ್ತದೆ. ಸಾಲ ಕೊಡುವವರು ಈ ಅಂಕಿಯನ್ನು ನೋಡಿ ತೃಪ್ತರಾಗಬಹುದು.

ಈಗ ಬೆಳೆ ಕಡಿಮೆಯಾಗಿ ಸರಕು ಶೇಕಡಾ 20ರಷ್ಟು ಇಳಿಯಿತೆನ್ನಿ. ಆದಾಯ 32, ಏರಿಳಿಯುವ ಖರ್ಚು 8, ಸ್ಥಿರ ಖರ್ಚು ಮಾತ್ರ ಅದೇ 16. ಉಳಿಯುವುದು 8 ಪಾಲು; ಕಟ್ಟಬೇಕಾದದ್ದು 11. ಸರಕು ಐದರಲ್ಲಿ ಒಂದು ಭಾಗ ಇಳಿದದ್ದಕ್ಕೆ ಉಳಿಕೆ ಹೆಚ್ಚುಕಡಿಮೆ ಅರ್ಧದಷ್ಟು ಕುಸಿಯಿತು. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಯೋಜಿಸಿದ ಸರಕಿನ ಶೇಕಡಾ 90 ಬಂದಾಗ ಉಳಿಯುವುದು ಸರಿಯಾಗಿ 11 ಪಾಲು. ಅದಕ್ಕಿಂತ ಒಂದಿಷ್ಟು ಕಡಿಮೆಯಾದರೂ ಕಂತು ತಪ್ಪುತ್ತದೆ. 1.27 ಎಂಬ ಅಂಕಿ ಎಷ್ಟು ತೆಳುವಾದ ನೆಲದ ಮೇಲೆ ನಿಂತಿದೆ ಎಂಬುದು ಇದರಿಂದ ತಿಳಿಯುತ್ತದೆ.

ಇದೇ ಹಾಳೆಯನ್ನು ಹಿಡಿದು ಸಹಕಾರ ಬ್ಯಾಂಕಿನೊಂದಿಗೆ ಮಾತನಾಡಬೇಕು. ಅವಧಿಯನ್ನು ಹತ್ತರಿಂದ ಹದಿನೈದು ವರ್ಷಕ್ಕೆ ಹಿಗ್ಗಿಸಿದರೆ ವರ್ಷದ ಹೊರೆ ಸುಮಾರು 9 ಪಾಲಿಗೆ ಇಳಿಯುತ್ತದೆ, ಆಗ ಶೇಕಡಾ 83ರಷ್ಟು ಸರಕು ಬಂದರೂ ಕಂತು ಕಟ್ಟಬಹುದು. ಒಟ್ಟು ಬಡ್ಡಿ ಹೆಚ್ಚಾಗುವುದು ನಿಜ. ಆ ಹೆಚ್ಚುವರಿಯನ್ನು ಕೆಟ್ಟ ವರ್ಷದ ವಿರುದ್ಧ ಕಟ್ಟುವ ವಿಮೆಯ ಕಂತೆಂದು ಭಾವಿಸುವುದು ಸರಿ. ಕಂತುಗಳನ್ನು ತಿಂಗಳಿಗೊಮ್ಮೆ ಸಮನಾಗಿ ಇಡುವ ಬದಲು ಮಾರಾಟದ ಹಣ ಕೈಸೇರುವ ತಿಂಗಳುಗಳಿಗೆ ಹೊಂದಿಸುವಂತೆ ಕೇಳಿ. ಋತುವಿನೊಂದಿಗೆ ಬದುಕುವ ಸಂಘಗಳಿಗೆ ಸಾಲ ಕೊಟ್ಟು ಅನುಭವವಿರುವ ಸಂಸ್ಥೆಗೆ ಇದು ಹೊಸ ಬೇಡಿಕೆಯೇನಲ್ಲ.

ಸರಕು ಬರುವುದನ್ನು ಖಚಿತಪಡಿಸಿಕೊಳ್ಳುವ ಉಪಾಯ ಸಂಘದ ಕೈಯಲ್ಲಿಯೇ ಇದೆ. ಸದಸ್ಯರು ತಮ್ಮ ಉತ್ಪನ್ನದ ಇಂತಿಷ್ಟು ಭಾಗವನ್ನು ಇಂತಿಷ್ಟು ವರ್ಷ ಸಂಘಕ್ಕೇ ಕೊಡುತ್ತೇವೆಂದು ಸಹಿ ಮಾಡಿದ ಪೂರೈಕೆ ಒಪ್ಪಂದಗಳು ಸಾಲದ ಅರ್ಜಿಯೊಂದಿಗೆ ಹೋದರೆ ಅವುಗಳಿಗೆ ಆಸ್ತಿಪತ್ರದಷ್ಟೇ ತೂಕವಿರುತ್ತದೆ. ಇದರ ಜೊತೆಗೆ ದರ ಕೊಡುವ ಪದ್ಧತಿಯನ್ನೂ ಬದಲಿಸಬೇಕು. ಪೂರ್ತಿ ದರವನ್ನು ಸರಕು ಬಂದ ದಿನವೇ ಕೊಟ್ಟುಬಿಡುವ ಸಂಘಕ್ಕೆ ಕೆಟ್ಟ ವರ್ಷದಲ್ಲಿ ಹಿಂದೆಗೆಯಲು ಜಾಗವಿರುವುದಿಲ್ಲ. ಒಂದು ಭಾಗವನ್ನು ಮುಂಗಡವಾಗಿ ಕೊಟ್ಟು ಉಳಿದದ್ದನ್ನು ವರ್ಷದ ಲೆಕ್ಕ ಮುಗಿದ ಮೇಲೆ ಕೊಡುವ ಸಂಘದಲ್ಲಿ ಆ ಉಳಿದ ಭಾಗವೇ ಸಾಲಕ್ಕೆ ರಕ್ಷಣೆಯಾಗುತ್ತದೆ. ಸಹಕಾರ ಸಂಘಗಳನ್ನು ಬಲ್ಲ ಸಾಲಾಧಿಕಾರಿ ಲಾಭದ ಸಾಲಿಗಿಂತ ಮೊದಲು ಇದನ್ನೇ ಹುಡುಕುತ್ತಾರೆ. ಮುಂಗಡ ಮಾತ್ರ ಸದಸ್ಯನ ದಿನನಿತ್ಯದ ಬದುಕು ನಡೆಯುವಷ್ಟು ಇರಲೇಬೇಕು. ಇಲ್ಲದಿದ್ದರೆ ಆತ ಸರಕನ್ನು ಹೊರಗಿನ ವ್ಯಾಪಾರಿಗೆ ಮಾರುತ್ತಾನೆ, ಅದನ್ನು ತಪ್ಪೆನ್ನಲೂ ಆಗದು.

ಅರ್ಜಿ ಮತ್ತು ಮಾತುಕತೆ

ಕಡತದಲ್ಲಿ ಇರಬೇಕಾದ ಕಾಗದಗಳ ಪಟ್ಟಿಯನ್ನು ಸಂಸ್ಥೆಯೇ ಕೊಡುತ್ತದೆ: ಮೂರು ವರ್ಷದ ಲೆಕ್ಕಪರಿಶೋಧನೆಯ ವರದಿ, ಬೈಲಾ, ಮಹಾಸಭೆಯ ನಿರ್ಣಯ, ಅಂದಾಜು ಪಟ್ಟಿ ಇತ್ಯಾದಿ. ಪಟ್ಟಿಯಲ್ಲಿಲ್ಲದ ಎರಡು ಸಂಗತಿಗಳನ್ನು ನೀವಾಗಿಯೇ ಸೇರಿಸಿ. ಮೊದಲನೆಯದು ಸದಸ್ಯತ್ವದ ನಿಜವಾದ ಚಿತ್ರ: ಪುಸ್ತಕದಲ್ಲಿ ಎಷ್ಟು ಹೆಸರಿವೆ, ಅವರಲ್ಲಿ ಕಳೆದ ವರ್ಷ ವ್ಯವಹರಿಸಿದವರೆಷ್ಟು, ಮಹಾಸಭೆಗೆ ಬಂದವರೆಷ್ಟು. ಈ ಅಂಕಿಗಳು ಚೆನ್ನಾಗಿಲ್ಲದಿದ್ದರೂ ಮುಚ್ಚಿಡಬೇಡಿ. ಸರಿಪಡಿಸಲು ಏನು ಮಾಡುತ್ತಿದ್ದೀರೆಂದು ಬರೆಯಿರಿ. ಎರಡನೆಯದು ಸದಸ್ಯರಿಗೆ ದರದ ಮೂಲಕ ತಲುಪಿದ ಲಾಭದ ಲೆಕ್ಕ. ವರ್ಷದ ಪೇಟೆಯ ಸರಾಸರಿ ದರ, ಸಂಘ ಕೊಟ್ಟ ದರ, ಒಟ್ಟು ಸರಕು, ಈ ಮೂರು ಅಂಕಣಗಳ ಒಂದು ಚಿಕ್ಕ ಕೋಷ್ಟಕ ಸಾಕು. ಕಡಿಮೆ ಲಾಭದ ಕಾರಣ ಅದರಿಂದ ತಾನಾಗಿಯೇ ಸ್ಪಷ್ಟವಾಗುತ್ತದೆ.

ಭದ್ರತೆ ಸಾಲದೆಂದು ಅವರು ಹೇಳಿದರೆ ನಿರ್ದೇಶಕರ ಜಾಮೀನಿಗೆ ಒಪ್ಪುವ ಮೊದಲು ಖಾತರಿ ನಿಧಿಯ ಬಗ್ಗೆ ವಿಚಾರಿಸಿ. ಸಾಲದ ಒಂದು ಭಾಗಕ್ಕೆ ಮೂರನೆಯ ಸಂಸ್ಥೆ ಹೊಣೆ ನಿಲ್ಲುವ ಈ ವ್ಯವಸ್ಥೆಗೆ ಶುಲ್ಕವಿರುತ್ತದೆ. ಕೊಂಡ ಯಂತ್ರವನ್ನೇ ಒತ್ತೆಯಿಡುವುದು, ಖರೀದಿದಾರರಿಂದ ಬರಬೇಕಾದ ಹಣವನ್ನು ಬ್ಯಾಂಕಿನ ಖಾತೆಗೇ ಬರುವಂತೆ ಬರೆದುಕೊಡುವುದು, ಹಂತಹಂತವಾಗಿ ಸಾಲ ಬಿಡುಗಡೆ ಮಾಡಿಸಿಕೊಳ್ಳುವುದು, ಇವೂ ದಾರಿಗಳೇ.

ಸಲಹೆಯನ್ನು ಸಾಲದ ಜೊತೆಗೇ ಕೇಳಿ ಪಡೆಯಿರಿ. ಲೆಕ್ಕ ಇಡುವವರ ತರಬೇತಿ, ಯೋಜನೆಯ ತಾಂತ್ರಿಕ ಪರಿಶೀಲನೆ, ಹೊಸ ನಿರ್ದೇಶಕರಿಗೆ ಅಢಾವೆ ಪತ್ರಿಕೆ ಓದಲು ಕಲಿಸುವುದು, ಇಂಥವಕ್ಕೆ ವಿಶೇಷ ಸಂಸ್ಥೆಗಳಲ್ಲಿ ಪ್ರತ್ಯೇಕ ಅನುದಾನ ಇರುವುದುಂಟು, ಆದರೆ ಕೇಳದವರಿಗೆ ಅದು ಸಿಗುವುದು ಅಪರೂಪ.

ಹಣ ಬಂದ ಮೇಲೆ

ಸಾಲದ ಮುಖ್ಯ ಷರತ್ತುಗಳನ್ನು ಒಂದು ಪುಟದಲ್ಲಿ ಬರೆದು ಮಂಡಳಿಯ ಪ್ರತಿ ಸಭೆಯ ಕಾರ್ಯಸೂಚಿಗೆ ಲಗತ್ತಿಸಿ. ಷೇರಿಗೆ ಲಾಭಾಂಶ ಕೊಡುವ ಮೊದಲು ಬ್ಯಾಂಕಿನ ಒಪ್ಪಿಗೆ ಬೇಕೆಂಬ ಷರತ್ತು ಇದ್ದು, ಅದು ಕಾರ್ಯದರ್ಶಿಗೆ ಮಾತ್ರ ಗೊತ್ತಿದ್ದರೆ, ಮಹಾಸಭೆಯಲ್ಲಿ ಘೋಷಣೆಯಾದ ಲಾಭಾಂಶವನ್ನು ಹಿಂತೆಗೆದುಕೊಳ್ಳುವ ಮುಜುಗರ ಎಲ್ಲರಿಗೂ ಬರುತ್ತದೆ.

ಮೂರು ತಿಂಗಳಿಗೊಮ್ಮೆ ಆ ಹಳೆಯ ಹಾಳೆಯನ್ನು ಹೊರತೆಗೆದು, ಅಂದಾಜಿಸಿದ ಸರಕಿನ ಪಕ್ಕದಲ್ಲಿ ನಿಜವಾಗಿ ಬಂದ ಸರಕನ್ನು ಬರೆಯಿರಿ. ಅಂಕಿ ಕಂತು ತಪ್ಪುವ ಮಟ್ಟದ ಹತ್ತಿರ ಬಂದಾಗ, ಕಂತಿನ ದಿನಕ್ಕೆ ಇನ್ನೂ ಎರಡು ಮೂರು ತಿಂಗಳಿರುವಾಗಲೇ, ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರೂ ಖುದ್ದಾಗಿ ಹೋಗಿ ಸಾಲ ಕೊಟ್ಟವರಿಗೆ ವಿಷಯ ತಿಳಿಸಬೇಕು. ಕೈಯಲ್ಲಿ ಮೂರು ಕಾಗದಗಳಿರಲಿ: ಮುಂದಿನ ಆರು ತಿಂಗಳ ನಗದು ಹರಿವಿನ ಅಂದಾಜು, ಸದಸ್ಯರ ಅಂತಿಮ ಬಟವಾಡೆಯನ್ನು ಎಷ್ಟು ತಡೆಹಿಡಿಯಲು ಮಂಡಳಿ ಒಪ್ಪಿದೆ ಎಂಬ ನಿರ್ಣಯದ ಪ್ರತಿ, ಮತ್ತು ಯಾವ ಕಂತನ್ನು ಎಷ್ಟು ಕಾಲ ಮುಂದೂಡಬೇಕೆಂಬ ಲಿಖಿತ ಮನವಿ.

ಅದೇ ವಾರ ಸದಸ್ಯರಿಗೂ ಸುತ್ತೋಲೆ ಹೋಗಲಿ. ತಡೆಹಿಡಿದ ಬಟವಾಡೆ ಯಾರ ಖಾತೆಯಲ್ಲಿ ಎಷ್ಟಿದೆ, ಅದು ಯಾವಾಗ ಸಿಗಬಹುದು ಎಂಬುದನ್ನು ಹೆಸರಿನ ಎದುರು ಬರೆದು ಸಂಘದ ಕಚೇರಿಯಲ್ಲಿ ನೋಡಲು ಇಡಿ.